ಕುಳಗೇರಿ ಕ್ರಾಸಿನ ಲೆಕ್ಕ

ಪ್ರವಾಸದ ಮೊದಲ ದಿನವನ್ನು ಕುರಿತು ಬರೆಯದ ಲೇಖಕನಿಲ್ಲ. ಕೊನೆಯ ದಿನವನ್ನು ಕುರಿತು ಬರೆದವರು ವಿರಳ. ಕಾರಣ ಸ್ಪಷ್ಟವಾಗಿಯೇ ಇದೆ. ಮೊದಲ ದಿನ ಅಂಗಿಗೆ ಇಸ್ತ್ರಿಯಿರುತ್ತದೆ, ಡಬ್ಬಿಯಲ್ಲಿ ಮನೆಯ ಚಕ್ಕುಲಿಯಿರುತ್ತದೆ, ಗೆಳೆಯರ ಹಳೆಯ ಹಾಸ್ಯವೂ ಹೊಸದಾಗಿ ಕೇಳಿಸುತ್ತದೆ. ಕೊನೆಯ ದಿನ ಉಳಿಯುವುದು ಮಾಸಿದ ಬಟ್ಟೆಯ ಗಂಟು, ಡಬ್ಬಿಯ ತಳದ ಪುಡಿ, ಮತ್ತು ಖರ್ಚಿನ ಲೆಕ್ಕ. ಆದರೂ ಓದುಗ ಮಹಾಶಯರು ಕ್ಷಮಿಸುವುದಾದರೆ, ಈ ವಾರ ಅಂಥ ಒಂದು ಕೊನೆಯ ದಿನವನ್ನೇ ತಮ್ಮ ಮುಂದಿಡಬೇಕೆಂದಿದ್ದೇನೆ.

ನಾವು ನಾಲ್ವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿಯ ಒಂದೇ ಬೆಂಚಿನವರು. ಕಾರಿನ ಒಡೆಯನೂ ಬ್ಯಾಂಕಿನ ಉದ್ಯೋಗಿಯೂ ಆದವನು ನಮ್ಮ ಸಾರಥಿ. ಪ್ರೌಢಶಾಲೆಯ ಮಾಸ್ತರನೊಬ್ಬ, ಊಟದ ವಿಷಯದಲ್ಲಿ ಅವನು ಭೀಮಸೇನ. ಮೂರನೆಯವನನ್ನು ವಿದ್ಯಾರ್ಥಿ ದೆಸೆಯಿಂದಲೂ ಕವಿಯೆಂದೇ ಕರೆದು ಬಂದಿದ್ದೇವೆ. ಖರ್ಚಿನ ಪುಸ್ತಕ ಹಿಡಿದ ಕರಣಿಕ ನಾನು. ಮೂವರಾದ ನಾವು ಅಂಕೋಲೆಯ ಕಡೆಯಿಂದ ಹೊರಟೆವು. ಹುಬ್ಬಳ್ಳಿಯ ಬಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಕವಿ ಹುಬ್ಬಳ್ಳಿಯಲ್ಲಿ ಕೂಡಿಕೊಂಡ. ಡಿಸೆಂಬರಿನ ಕೊನೆಯ ರಜೆ. ನಾಲ್ಕು ದಿನ, ಮೂರು ರಾತ್ರಿ. ಬಾದಾಮಿ, ಬನಶಂಕರಿ, ಮಹಾಕೂಟ, ಕೂಡಲಸಂಗಮ, ಹುನಗುಂದಗಳನ್ನು ಮುಗಿಸಿ ಇಳಕಲ್ಲಿನಲ್ಲಿ ಕೊನೆಯ ರಾತ್ರಿ ಕಳೆದೆವು.

ಇಳಕಲ್ಲಿಗೆ ಹೋಗಿ ಸೀರೆ ಕೊಳ್ಳದೆ ಮರಳಿದ ಗೃಹಸ್ಥನಿಗೆ ಮನೆಯಲ್ಲಿ ಎಂಥ ಸ್ವಾಗತ ದೊರೆಯುವುದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮೂವರೂ ಒಂದೊಂದು ಸೀರೆ ಕೊಂಡೆವು. ಕವಿ ಮಾತ್ರ ನೇಕಾರರ ಮಗ್ಗದ ಮುಂದೆ ಕುಳಿತು ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವ ಬಗೆಯನ್ನು ಕೇಳಿ ತಿಳಿದುಕೊಂಡ, ಒಡಲಿನ ಒಂದೊಂದು ನೂಲನ್ನು ಸೆರಗಿನ ರೇಷ್ಮೆಯ ಎಳೆಗೆ ಕೂಡಿಸುವ ಆ ಕೆಲಸವನ್ನು ಕಣ್ತುಂಬ ನೋಡಿದ, ಸೀರೆ ಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ ಕಾರು ನಿಂತಾಗ, “ಹೊಟ್ಟಿ ಸರಿ ಇಲ್ಲೋ” ಎಂದು ಒಳಗೇ ಉಳಿದ. ನಾಲ್ಕು ದಿನಗಳಿಂದ ಅವನ ಹೊಟ್ಟೆ, ಲೆಕ್ಕಕ್ಕೆ ಬರುವ ತಿಂಡಿಯ ಹೊತ್ತಿನಲ್ಲಿ ಮಾತ್ರ ಕೆಡುತ್ತಿತ್ತು. ಇದನ್ನು ನಾನು ಗಮನಿಸಬೇಕಾಗಿತ್ತು. ಪುಸ್ತಕ ನನ್ನ ಕೈಯಲ್ಲಿಯೇ ಇತ್ತಲ್ಲ!

ಐಹೊಳೆಯ ಮೇಗುಟಿಯ ಗುಡ್ಡವನ್ನು ಹತ್ತಿದೆವು. ಕ್ರಿ.ಶ. 634ರಲ್ಲಿ ಅಲ್ಲಿನ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿ ಬರೆದ ರವಿಕೀರ್ತಿ, ಕೊನೆಯಲ್ಲಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮಾನನೆಂದು ಹೇಳಿಕೊಂಡಿದ್ದಾನೆ. “ನೋಡಲೇ ಕವಿ, ಆತ್ಮವಿಶ್ವಾಸ ಅಂದ್ರ ಇದು” ಎಂದು ಸಾರಥಿ ಚುಚ್ಚಿದ. ಕವಿ ನಕ್ಕನಷ್ಟೆ.

ಪಟ್ಟದಕಲ್ಲಿನಲ್ಲಿ ಬಿಸಿಲು ಏರಿತ್ತು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಅಲ್ಲಿದೆ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ಹಾಡುವವರಾದ ಗಾಂಧರ್ವರಿಗೆ ಹಿಂದೆ ವಿಜಯಾದಿತ್ಯನು ಕೊಟ್ಟಿದ್ದ ಹಕ್ಕುಗಳನ್ನು ರಾಣಿ ಮತ್ತೆ ಸ್ಥಿರಪಡಿಸಿದ ಸಂಗತಿಯೂ ಇದೆ. ಶಾಸನಗಳನ್ನು ಕುರಿತು ಎಂ.ಎ.ಯಲ್ಲಿ ಓದಿದ್ದೆವು, ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆವು. ಕವಿ ಮರೆತಿರಲಿಲ್ಲ. ಆ ಕಲ್ಲಿನ ಮುಂದೆ ಅವನು ನಿಂತೇ ನಿಂತ. ದಾರಿ ಇನ್ನೂ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚಿದೆಯೆಂದು ಸಾರಥಿ ಚಡಪಡಿಸಿದ. ಭೀಮಸೇನನಿಗೆ ರೊಟ್ಟಿ ಊಟದ ಚಿಂತೆ. ಕೊನೆಗೆ ನಾನೇ ಕಾರಿನ ಬಳಿಗೆ ಹೋಗಿ ಎರಡು ಬಾರಿ ಹಾರ್ನು ಒತ್ತಿದೆ. ಕವಿ ಬಂದು ಕುಳಿತವನು ಇಷ್ಟೇ ಹೇಳಿದ: “ಕಲ್ಲಿನ ಮ್ಯಾಲೆ ಬರೆದು ಕೊಟ್ಟಾಳಲ್ಲೋ!” ಅದು ಶಿಲ್ಪಕ್ಕೆ ಸಂದ ಹೊಗಳಿಕೆಯೆಂದು ನಾವು ತಿಳಿದೆವು.

ಬಾದಾಮಿಯಲ್ಲಿ ಊಟ ಮುಗಿಸಿ ಪಶ್ಚಿಮಕ್ಕೆ ಹೊರಟರೆ ಕುಳಗೇರಿ ಕ್ರಾಸು. ಕೆಂಪು ಬೆಟ್ಟಗಳು ಹಿಂದೆ ಸರಿದು, ಬಯಲಿನಲ್ಲಿ ಜೋಳದ ತೆನೆ ತಲೆದೂಗುತ್ತಿತ್ತು. ಬಾದಾಮಿಯ ರಸ್ತೆ ಇಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯನ್ನು ಕೂಡುತ್ತದೆ. ಪಂಜಾಬದ ಸಂಗರೂರಿನಿಂದ ಹೊರಟು ನಮ್ಮ ಅಂಕೋಲೆಯಲ್ಲಿ ಕೊನೆಗೊಳ್ಳುವ 52ನೆಯ ರಾಷ್ಟ್ರೀಯ ಹೆದ್ದಾರಿ ಅದು. ಎಡಕ್ಕೆ ಹೊರಳಿ ಅದನ್ನು ಹಿಡಿದವನು ಮತ್ತೆಲ್ಲಿಯೂ ದಾರಿ ಕೇಳದೆ ಸಮುದ್ರ ಕಾಣುವವರೆಗೆ ಹೋಗಬಹುದು. ಬಲಕ್ಕೆ ಹೊರಳಿದರೆ ಕೆರೂರು, ಬಾಗಲಕೋಟೆ, ವಿಜಯಪುರ. ಕ್ರಾಸೆಂದರೆ ಊರಿಗಿಂತ ಹೆಚ್ಚಾಗಿ ಒಂದು ನಿಲುಗಡೆ: ಬಸ್ಸಿನಿಂದಿಳಿದವರು, ಬಸ್ಸಿಗೆ ಕಾದವರು, ಚೀಲದ ಮೇಲೆ ಕುಳಿತ ಮುದುಕಿಯರು, ಎಣ್ಣೆಯಲ್ಲಿ ತೇಲುವ ಮಿರ್ಚಿಭಜಿ.

“ಬರ್ರಿ ಸರ್, ಬಿಸಿ ಅದಾವು” ಎಂದು ಅಂಗಡಿಯವನು ಕರೆದ. ಕುಳಿತೆವು. ಚಹಾ ಬಂದಿತು. ಕವಿ ತನ್ನ ಚೀಲವನ್ನು ಕಾರಿನಿಂದ ಇಳಿಸಿ ಕಾಲ ಬಳಿ ಇಟ್ಟುಕೊಂಡ.

“ಲೆಕ್ಕಾ ಮುಗಿಸೋಣೇನು? ನಾ ಇಲ್ಲೇ ಇಳೀತೀನಿ” ಎಂದ.

“ಇಲ್ಲ್ಯಾಕಲೇ? ಹುಬ್ಬಳ್ಳಿಗೆ ಬರಾಂವ ಇದ್ದೆಲ್ಲ?” ಎಂದ ಸಾರಥಿ.

“ಹುಬ್ಬಳ್ಳಿ ಖೋಲಿ ಬಿಟ್ಟೆ. ಕೆರೂರ ಕಡೆ ಬಸ್ಸ ಹಿಡಿದು ಊರಿಗೆ ಹೋಗತೀನಿ. ಅವ್ವ ಒಬ್ಬಾಕೀನ ಇದ್ದಾಳ. ನಾಕ ಎಕರೆ ಹೊಲ ಐತಿ.”

“ಮತ್ತ ಕಾಲೇಜ?”

“ಈ ವರ್ಷ ಪಟ್ಟಿಯೊಳಗ ನನ್ನ ಹೆಸರಿಲ್ಲ.”

ಕವಿ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕನಾಗಿದ್ದ. ಓದುಗರಲ್ಲಿ ಅನೇಕರ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥವರೊಬ್ಬರು ಇದ್ದಾರು. ರಾಜ್ಯದ ಸರಕಾರಿ ಪದವಿ ಕಾಲೇಜುಗಳ ಪಾಠ ನಡೆಯುವುದು ಬಹುಮಟ್ಟಿಗೆ ಇವರಿಂದಲೇ. ಪ್ರತಿವರ್ಷ ಹೊಸ ಅರ್ಜಿ, ಹೊಸ ಆದೇಶ. ಬೇಸಗೆ ಬಂದರೆ ಆದೇಶದ ಆಯುಷ್ಯ ಮುಗಿಯುತ್ತದೆ. 2022ರ ಜನವರಿಯವರೆಗೆ ಅವರ ತಿಂಗಳ ಗೌರವಧನ ಅರ್ಹತೆಗೆ ತಕ್ಕಂತೆ 11,000 ಇಲ್ಲವೆ 13,000 ರೂಪಾಯಿ. ಆ ತಿಂಗಳಿನಲ್ಲಿ ಅದನ್ನು 26,000ದಿಂದ 32,000ದವರೆಗೆ ಏರಿಸಲಾಯಿತು. ಜೊತೆಯಲ್ಲಿಯೇ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿದುದರಿಂದ, ಇಬ್ಬರು ಹಂಚಿಕೊಂಡಿದ್ದ ಪಾಠಕ್ಕೆ ಒಬ್ಬನೇ ಸಾಕಾದ. ನೆಟ್ ಪರೀಕ್ಷೆಯನ್ನೋ ಪಿಎಚ್.ಡಿ.ಯನ್ನೋ ಮುಗಿಸದವರು ಪಟ್ಟಿಯ ಕೆಳಗೆ ಸರಿದರು. ಕವಿ ನೆಟ್ ಪರೀಕ್ಷೆಯಲ್ಲಿ ಕೆಲವೇ ಅಂಕಗಳಿಂದ ತಪ್ಪಿದ್ದವನು. ಎರಡನೆಯ ಬಾರಿ ಕುಳಿತುಕೊಳ್ಳುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ತಂಗಿಯ ಮದುವೆಯ ಹೊರೆ ಅವನ ಮೇಲೆ ಬಿದ್ದಿತ್ತು.

ಅದೇ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದೆ. ಹೇಗಾದೆನೆಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳನ್ನು ನನಗೆ ರಾತ್ರಿ ಎರಡು ಗಂಟೆಯವರೆಗೆ ಬಿಡಿಸಿ ಹೇಳಿದವನು ಅವನು. ನಾನು ಓದಿದ್ದು ಅವನ ಟಿಪ್ಪಣಿಗಳನ್ನು. ಇಂದಿಗೂ ನನ್ನ ತರಗತಿಯಲ್ಲಿ ಸಂಧಿಪ್ರಕರಣಕ್ಕೆ ನಾನು ಕೊಡುವ ಉದಾಹರಣೆಗಳು ಅವನವು. ಹುಡುಗರು ನಗುವ ಕಡೆಯ ಹಾಸ್ಯವೂ ಅವನದೇ.

“ಯಾವಾಗ ಆತು ಇದು?” ಎಂದು ಕೇಳಿದೆ.

“ನಾಕ ತಿಂಗಳಾತು.”

“ನಾಕ ತಿಂಗಳು! ಮತ್ತ ನಾಕ ದಿನ ನಮ್ಮ ಜೋಡಿ ಕಾರಿನ್ಯಾಗ ಕುಂತಿ. ಒಂದ ಮಾತ ಹೇಳಬಾರದಿತ್ತೇನು?”

ಕವಿ ಚಹಾದ ಕಪ್ಪನ್ನು ಕೆಳಗಿಟ್ಟ. “ಹೇಳಿದ್ರ ನೀವು ನನ್ನ ಖರ್ಚ ನಿಮ್ಮ ಮ್ಯಾಲೆ ಹಾಕ್ಕೊಂಡು ಕರ್ಕೊಂಡ ಬರತಿದ್ರಿ. ಆವಾಗ ನಾ ನಿಮ್ಮ ಗೆಳೆಯ ಆಗಿ ಬರತಿರಲಿಲ್ಲ, ಅತಿಥಿ ಆಗಿ ಬರತಿದ್ದೆ. ಹನ್ನೊಂದು ವರ್ಷ ಅತಿಥಿ ಆಗಿ ಸಾಕಾಗೇತಿ.”

ಅಂಗಡಿಯವನು ಇನ್ನೊಂದು ತಟ್ಟೆ ಭಜಿ ತಂದಿಟ್ಟ. ಭೀಮಸೇನನೂ ಮುಟ್ಟಲಿಲ್ಲ.

ನಾನು ಪುಸ್ತಕ ತೆರೆದೆ. ಸೀರೆಗಳನ್ನು ಬಿಟ್ಟು ಒಟ್ಟು ಖರ್ಚು 18,742 ರೂಪಾಯಿ. ತಲೆಗೆ 4,685 ರೂಪಾಯಿ 50 ಪೈಸೆ. ಆ ಅಂಕಿಯನ್ನು ಓದುವಾಗ ನನ್ನ ಧ್ವನಿ ನನಗೇ ಸೇರಲಿಲ್ಲ. ಸಾರಥಿ ತಡೆದು, “ನಿನ್ನ ಪಾಲು ಇರಲಿ ಬಿಡು, ಮುಂದ ನೋಡೋಣು” ಎಂದ.

“ನೀ ಏನ ಪಟ್ಟದಕಲ್ಲಿನ ರಾಣಿ ಅಲ್ಲಲೇ” ಎಂದು ಕವಿ ನಕ್ಕ. ಫೋನಿನಲ್ಲಿಯೇ ಹಣ ಕಳುಹಿಸುವ ಈ ಕಾಲದಲ್ಲಿ ಅವನು ಕಿಸೆಯಿಂದ ಮಡಿಸಿಟ್ಟ ನೋಟುಗಳನ್ನು ತೆಗೆದು ಎಣಿಸಿದ. 4,686 ರೂಪಾಯಿಗಳನ್ನು ನನ್ನ ಪುಸ್ತಕದ ಮೇಲಿಟ್ಟು, “ಎಂಟಾಣೆ ನನಗ ಬರಬೇಕು. ಬರಕೋ” ಎಂದ. ಬರೆದುಕೊಂಡೆ.

ವಿಜಯಪುರದ ಬಸ್ಸು ಬಂದಿತು. ಹತ್ತುವಾಗ ತಿರುಗಿ, “ಸಂಕ್ರಾಂತಿ ಹೊತ್ತಿಗೆ ಸೀತನಿ ಬರತಾವು. ಬರ್ರಿ, ಹೊಲದಾಗ ಸುಟ್ಟು ತಿನ್ನೋಣು. ನನ್ನ ಹೊಟ್ಟಿ ಅಷ್ಟೊತ್ತಿಗೆ ಸರಿ ಆಗಿರತೈತಿ” ಎಂದ. ಕೊನೆಯ ಮಾತಿಗೆ ಅವನೇ ಮೊದಲು ನಕ್ಕ. ಬಸ್ಸು ಬಲಕ್ಕೆ ಹೋಯಿತು. ನಾವು ಎಡಕ್ಕೆ ಹೊರಳಿದೆವು.

ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿದೆವು. 2019ರ ಆಗಸ್ಟಿನ ಮಹಾಪೂರದಲ್ಲಿ ಇಲ್ಲಿಯ ದಾರಿಯನ್ನೇ ಕಿತ್ತೊಯ್ದ ಹೊಳೆ ಈಗ ತೆಳ್ಳಗೆ ಹರಿಯುತ್ತಿತ್ತು. ಬೆಳಗ್ಗೆ ಐಹೊಳೆ ಪಟ್ಟದಕಲ್ಲುಗಳಲ್ಲಿ ನಾವು ಕಂಡದ್ದೂ ಇದೇ ಹೊಳೆ. ಇಲ್ಲಿಂದ ಅಲ್ಲಿಗೆ ಹೋಗುವ ನೀರು. ಮುಂದೆ ನರಗುಂದ, ನವಲಗುಂದ. ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಎದ್ದು ನಿಂತು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟ ನೆಲ. ಪ್ರತಿವರ್ಷ ಆ ದಿನ ಇಲ್ಲಿ ಹುತಾತ್ಮರನ್ನು ನೆನೆಯುತ್ತಾರೆ. ‘ಊರಿನಲ್ಲಿ ಹೊಲವಿದೆಯಲ್ಲ’ ಎಂದು ನಮ್ಮಂಥ ಸಂಬಳದವರು ಸುಲಭವಾಗಿ ಸಮಾಧಾನ ಹೇಳಿಬಿಡುತ್ತೇವೆ. ಹೊಲದ ಲೆಕ್ಕ ಕಾಲೇಜಿನ ಲೆಕ್ಕಕ್ಕಿಂತ ಸುಲಭವೆಂದು ಈ ದಾರಿಯಲ್ಲಿ ಹೋಗುವವನು ಹೇಳಲಾರ. ಕಾರಿನಲ್ಲಿ ಯಾರೂ ಹಾಗೆ ಹೇಳಲಿಲ್ಲವೆಂಬುದು ನಮ್ಮ ಪುಣ್ಯ.

ಹುಬ್ಬಳ್ಳಿ ದಾಟುವಾಗ ದೀಪ ಹಚ್ಚಿದ್ದರು. ಕಲಘಟಗಿಯಿಂದಾಚೆ ಕಾಡು, ಯಲ್ಲಾಪುರದಲ್ಲಿ ಚಳಿ, ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲು. ಹಿಂದಿನ ಆಸನದಲ್ಲಿ ನನ್ನ ಪಕ್ಕದ ಜಾಗ ಬರಿದಾಗಿತ್ತು. ಭೀಮಸೇನ ಅಲ್ಲಿ ಕರದಂಟಿನ ಪೊಟ್ಟಣವನ್ನು ಇಟ್ಟಿದ್ದ, ಯಾರೂ ಬಿಚ್ಚಲಿಲ್ಲ. ನಾಲ್ಕು ದಿನ ಸಾವಿರದ ಮುನ್ನೂರು ವರ್ಷದ ಕಲ್ಲುಗಳನ್ನು ಕಣ್ಣರಳಿಸಿ ನೋಡಿದೆವು, ಒಡೆದ ಮೂಗನ್ನೂ ಅಳಿದ ಅಕ್ಷರವನ್ನೂ ಗುರುತಿಸಿದೆವು. ಭುಜಕ್ಕೆ ಭುಜ ತಾಗಿಸಿ ಕುಳಿತವನ ಮುಖವನ್ನು ಓದಲು ಕುಳಗೇರಿ ಕ್ರಾಸಿನವರೆಗೆ ಬರಬೇಕಾಯಿತು. ಅದೂ ಅವನೇ ಬಾಯಿ ಬಿಟ್ಟು ಹೇಳಿದ ಮೇಲೆ.

ಮನೆ ಸೇರಿದಾಗ ಹತ್ತು ಗಂಟೆ ದಾಟಿತ್ತು. ಮನೆಯಾಕೆ ಸೀರೆಯ ಮಡಿಕೆ ಬಿಚ್ಚಿ, ಬಣ್ಣ ಚೆನ್ನಾಗಿದೆಯೆಂದು ಒಪ್ಪಿ, “ನಿಮ್ಮ ಕವಿಗಳು ಅವರ ತಾಯಿಗೆ ಯಾವ ಬಣ್ಣದ್ದು ತಗೊಂಡ್ರು?” ಎಂದು ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ. ಫೋನಿನಲ್ಲಿ ಅವನ ಸಂದೇಶ ಆಗಲೇ ಬಂದಿತ್ತು: “ಮುಟ್ಟಿದಿರೇನು?” ಮುಟ್ಟಿದೆವೆಂದು ಬರೆದೆ.

ಖರ್ಚಿನ ಪುಸ್ತಕದ ಕೊನೆಯ ಸಾಲು ಇನ್ನೂ ಹಾಗೆಯೇ ಇದೆ: ಕವಿಗೆ ಬಾಕಿ, 50 ಪೈಸೆ. ಹಾಸ್ಟೆಲಿನ ಆ ರಾತ್ರಿಗಳ ಬಾಕಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ ಬಿಟ್ಟಿದ್ದೇನೆ. ಆದರೆ ಈ ಎಂಟಾಣೆಯನ್ನು ಫೋನಿನಲ್ಲಿ ತೀರಿಸುವ ಉದ್ದೇಶ ನನಗಿಲ್ಲ. ಮನೆಯ ದೇವರ ಡಬ್ಬಿಯಲ್ಲಿ ಹುಡುಕಿದಾಗ ಹಳೆಯ ಐವತ್ತು ಪೈಸೆಯ ನಾಣ್ಯವೊಂದು ಸಿಕ್ಕಿದೆ. ಅದನ್ನು ಕಿಸೆಯಲ್ಲಿಟ್ಟುಕೊಂಡು ಸಂಕ್ರಾಂತಿಗೆ ಮುನ್ನ ಕುಳಗೇರಿ ಕ್ರಾಸಿಗೆ ಹೋಗುವವನಿದ್ದೇನೆ. ಈ ಬಾರಿ ಬಲಕ್ಕೆ ಹೊರಳಬೇಕು. ಅವನ ತಾಯಿಗೆ ಯಾವ ಬಣ್ಣ ಮೆಚ್ಚುಗೆಯೆಂಬುದನ್ನು ಮಾತ್ರ ಮೊದಲು ಕೇಳಿ ತಿಳಿಯಬೇಕಾಗಿದೆ.