ಒರೆಗಲ್ಲಿಗೆ ಹಚ್ಚಿದ ಮೇಲೆ

2023ರ ಜುಲೈ 22ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯವರು ಅಂತರ್ಜಾಲದಲ್ಲಿ ಎರಡು ಲೇಖನಗಳನ್ನು ಹೊರಗೆಡಹಿದರು. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಎಲ್‌ಕೆ-99 ಎಂಬ ಪದಾರ್ಥದಲ್ಲಿ, 127 ಡಿಗ್ರಿ ಶಾಖದವರೆಗೂ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ ಎಂಬುದು ಅವರ ಘೋಷಣೆ. ಅಯಸ್ಕಾಂತದ ಮೇಲೆ ಅದರ ಚೂರೊಂದು ಅರ್ಧ ಎದ್ದು ನಿಂತ ಚಿತ್ರ ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿತು.

ಜನ ಆಸೆಪಟ್ಟದ್ದರಲ್ಲಿ ತಪ್ಪಿಲ್ಲ. ಗಿರಣಿಯ ಮೋಟಾರಿಗೆ ಬರುವ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲಿ ತಂತಿಯನ್ನು ಕಾಯಿಸುವುದರಲ್ಲೇ ಮುಗಿಯುತ್ತದೆ. ಆ ನಷ್ಟವನ್ನು ದೀಪದ ಬಿಲ್ಲಿನಲ್ಲಿ ತೆರುವವರು ನಾವು. ತಡೆಯಿಲ್ಲದ ಹರಿವನ್ನು 1911ರಲ್ಲಿಯೇ ಹಾಲೆಂಡಿನಲ್ಲಿ ಕಂಡಿದ್ದರು; ಆದರೆ ಅದಕ್ಕಾಗಿ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣಿಸಬೇಕಾಗಿತ್ತು.

ಕೊರಿಯಾದವರು ತಯಾರಿಕೆಯ ವಿಧಾನವನ್ನೂ ಬರೆದಿದ್ದರು. ಇದನ್ನು ಮೆಚ್ಚಲೇಬೇಕು. ಅದರಿಂದಲೇ ಊರೂರಿನ ಪ್ರಯೋಗಶಾಲೆಗಳು ಕುಲುಮೆ ಹೊತ್ತಿಸಿ ಪರೀಕ್ಷೆಗೆ ನಿಂತವು. ದೆಹಲಿಯ ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಆ ಪದಾರ್ಥವನ್ನು ಮಾಡಿ ನೋಡಿ, ಹೇಳಿದ ಗುಣ ಕಾಣಲಿಲ್ಲವೆಂದು ತಿಳಿಸಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಬೆಳೆಸಿದ ಶುದ್ಧ ಹರಳಂತೂ ವಿದ್ಯುತ್ತನ್ನು ತಡೆಯುವ ವಸ್ತುವೇ ಆಗಿತ್ತು. ಮೊದಲಿನವರ ಮಾದರಿಯಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡು ಸುಮಾರು 104 ಡಿಗ್ರಿಯಲ್ಲಿ ರೂಪ ಬದಲಿಸುತ್ತದೆ. ಆಗ ತಡೆ ಒಮ್ಮೆಲೇ ಇಳಿಯುತ್ತದೆ. ಆ ಇಳಿತವೇ ಅದ್ಭುತವಾಗಿ ಕಂಡಿತ್ತು! ಡಿಸೆಂಬರಿನಲ್ಲಿ ಕೊರಿಯಾದ ವಿದ್ವತ್ ಸಂಘದ ಸಮಿತಿಯೇ ಆಧಾರವಿಲ್ಲವೆಂದು ತೀರ್ಪಿತ್ತಿತು.

ಈ ಮಧ್ಯೆ ಷೇರುಪೇಟೆ ಏನು ಮಾಡಿತು? ಹೆಸರಿನಲ್ಲೋ ಸರಕಿನಲ್ಲೋ ಸ್ವಲ್ಪ ನಂಟು ಕಂಡ ಕಂಪನಿಗಳ ಷೇರುಗಳೆಲ್ಲ ಆಕಾಶಕ್ಕೇರಿದವು. ನಮಗೂ ಆ ಸಂಶೋಧನೆಗೂ ಸಂಬಂಧವಿಲ್ಲವೆಂದು ಕೆಲವು ಕಂಪನಿಗಳೇ ಸಾರಿದರೂ ಕೊಳ್ಳುವವರು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಬೆಲೆ ಕುಸಿಯಿತು. ಇಂಥ ಸಟ್ಟಾದಲ್ಲಿ ಮೊದಲು ಮಾರಿದವನು ಗೆಲ್ಲುತ್ತಾನೆ. ಕೈಫೋನಿನ ಸುದ್ದಿ ನಂಬಿ ಕೊನೆಗೆ ಕೊಂಡ ಸಂಬಳಗಾರ, ಸಣ್ಣ ವ್ಯಾಪಾರಿ ಗಂಟು ಕಳೆದುಕೊಳ್ಳುತ್ತಾರೆ.

ನಮ್ಮ ಓದುಗರು ಎರಡು ಮಾತನ್ನು ನೆನಪಿಡಬೇಕು. ಬಂಗಾರವನ್ನು ಒರೆಗಲ್ಲಿಗೆ ಹಚ್ಚದೆ ಕೊಳ್ಳದ ನಾವು, ಹತ್ತು ಜನ ಬೇರೆ ಬೇರೆಯಾಗಿ ಪರೀಕ್ಷಿಸುವ ಮೊದಲು ಯಾವ ಅದ್ಭುತಕ್ಕೂ ಉಳಿತಾಯದ ಹಣ ಕೊಡಬಾರದು. ಎರಡನೆಯದು, ಆ ಒರೆಗಲ್ಲು ಪುಕ್ಕಟೆ ಸಿಗುವುದಿಲ್ಲ. ದೆಹಲಿಯ ಪ್ರಯೋಗಾಲಯ ನಡೆಯುವುದು ನಮ್ಮ ತೆರಿಗೆಯಿಂದ. ಹೊಸದನ್ನು ಸಾರುವವನಿಗೆ ಹಾರ ಹಾಕುವ ಸರ್ಕಾರ, ಅದನ್ನು ಪರೀಕ್ಷಿಸುವವನ ಸಲಕರಣೆಗೂ ಸಂಬಳಕ್ಕೂ ಹಣ ಒದಗಿಸಬೇಕು. ಆ ಕೆಲಸವನ್ನು ಲಾಭಕೋರರ ಕೈಗೆ ಬಿಟ್ಟರೆ, ನಾಳೆ ಸುಳ್ಳನ್ನು ಸುಳ್ಳೆನ್ನುವವರು ಯಾರು?