ಹೆಸರೇನೋ ಬಂತು, ಮೆಂಬರ್ ಎಲ್ಲಿ ಸ್ವಾಮಿ?

2025ರ ದಸರಾಕ್ಕೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಅಕ್ಕೂರು, ಚನ್ನಪಟ್ಟಣ ತಾಲ್ಲೂಕು. ಜಿಲ್ಲೆ ಯಾವುದು ಅಂತ ಮಾತ್ರ ಕೇಳಬೇಡಿ :) ನಾನು ಹುಟ್ಟಿದಾಗ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ ಆಯ್ತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ 'ಬೆಂಗಳೂರು ದಕ್ಷಿಣ' ಅಂತ ತೀರ್ಮಾನಿಸಿತು. ನಮ್ಮ ಮನೆ ಇದ್ದಲ್ಲೇ ಇದೆ.

ಹೆಸರು ಬದಲಾಗೋದು ನಮಗೆ ಹೊಸದಲ್ಲ ಬಿಡಿ. ರಾಮನಗರ ಪಟ್ಟಣವೇ ಹಿಂದೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿತ್ತು. ನನ್ನ ತಕರಾರು ಬೇರೆ.

"ಅಪ್ಪಾ, ನಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್ ಯಾರು?" ಅಂದೆ.

"ಇದ್ರೆ ತಾನೇ ಮಗಾ ಹೇಳೋಕೆ" ಅಂದ್ರು.

ನಿಜ. ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗೀತು. ಆಮೇಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಐದು ವರ್ಷ ಮುಗಿಯೋ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಕೇಳೋರು ಯಾರು?

ಕೊರೊನಾ ಇತ್ತು ಅಂತೀರಾ? ಗ್ರಾಮ ಪಂಚಾಯ್ತಿ ಚುನಾವಣೆ 2020ರ ಡಿಸೆಂಬರ್‌ನಲ್ಲಿ ಕೊರೊನಾ ಮಧ್ಯೆಯೇ ನಡೀತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಆಗಬೇಕಿತ್ತು ಅಂತೀರಾ? ನಮ್ಮ ಆಫೀಸಲ್ಲಿ ರಿಲೀಸ್ ಡೇಟ್ ಐದು ವರ್ಷ ಮೊದಲೇ ಗೊತ್ತಿದ್ದೂ, ಆ ದಿನ ಬಂದಾಗ "ರಿಕ್ವೈರ್‌ಮೆಂಟ್ ಇನ್ನೂ ಫೈನಲ್ ಆಗಿಲ್ಲ" ಅಂದ್ರೆ ಮ್ಯಾನೇಜರ್ ಸುಮ್ಮನೆ ಬಿಡ್ತಾನಾ?

ಇನ್ನೊಂದು ನೋಡಿ. ನಮ್ಮ ಚನ್ನಪಟ್ಟಣದ ಶಾಸಕ ಸ್ಥಾನ 2024ರ ಜೂನ್‌ನಲ್ಲಿ ಖಾಲಿ ಆಯ್ತು. ನವೆಂಬರ್ 13ಕ್ಕೆ ಮತದಾನ ಮುಗಿದೇ ಹೋಯ್ತು! ಮಂತ್ರಿಗಳೆಲ್ಲ ಹಳ್ಳಿ ಹಳ್ಳಿ ಸುತ್ತಿದ್ರು. ಶಾಸಕರಿಲ್ಲದೆ ಆರು ತಿಂಗಳು ಇರಬಾರದು, ಪಂಚಾಯ್ತಿ ಮೆಂಬರ್ ಇಲ್ಲದೆ ವರ್ಷಗಟ್ಟಲೆ ಇರಬಹುದು... ಇದ್ಯಾವ ನ್ಯಾಯ?

ದೂರದ ಜಮೈಕಾದಲ್ಲೂ ಹೀಗೇ ಆಗಿತ್ತು. ಅಲ್ಲಿ ಪ್ಯಾರಿಷ್ ಅಂತ 14 ಆಡಳಿತ ಭಾಗಗಳಿವೆ. ಅವುಗಳ ಸ್ಥಳೀಯ ಚುನಾವಣೆ ನಡೆದದ್ದೂ 2016ರಲ್ಲೇ. ಮತ್ತೆ 2020ಕ್ಕೆ ಆಗಬೇಕಿತ್ತು. ಮುಂದೂಡಿ ಮುಂದೂಡಿ 2024ರ ಫೆಬ್ರವರಿ 26ಕ್ಕೆ ಮಾಡಿದ್ರು. ತಡವಾದರೂ ಮಾಡಿದ್ರು! ಅಬ್ದುಲ್ ನಜೀರ್ ಸಾಬರ ನಾಡು ನಮ್ಮದು. ಅವರ 1983ರ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಚುನಾವಣೆ ಆಯ್ತು. ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ಆಗಲೇ ಇತ್ತು. ಇಡೀ ದೇಶ ನಮ್ಮನ್ನ ನೋಡಿ ಕಲೀತು ಅಂತ ಭಾಷಣ ಮಾಡ್ತೀವಿ, ಚುನಾವಣೆ ಮಾಡಲ್ಲ.

"ಮೆಂಬರ್‌ಗಳೆಲ್ಲ ತಿನ್ನೋರೇ, ಅಧಿಕಾರಿಗಳೇ ವಾಸಿ" ಅಂತ ಗೆಳೆಯನೊಬ್ಬ ವಾದ ಮಾಡಿದ. ಇರಬಹುದಪ್ಪ. ಆದ್ರೆ ತಿಂದ ಮೆಂಬರ್‌ನ ಸಂತೆಯಲ್ಲಿ ಅಡ್ಡ ಹಾಕಿ ಕೇಳಬಹುದು, ಮುಂದಿನ ಸಲ ಮನೆಗೆ ಕಳಿಸಬಹುದು. ಅಧಿಕಾರಿ ಇವತ್ತು ಇಲ್ಲಿ, ನಾಳೆ ಬೀದರ್‌ನಲ್ಲಿ. ಯಾರನ್ನ ಹಿಡಿಯೋದು?

ಜಿಲ್ಲೆಯ ಹೆಸರಿನ ಬಗ್ಗೆ ಪರ-ವಿರೋಧ ಬರೆದ ಗೆಳೆಯರೇ, ಇದರ ಬಗ್ಗೆಯೂ ಒಂದೊಂದು ಪೋಸ್ಟ್ ಹಾಕಿ. ಬೋರ್ಡ್ ಬರೆಸೋದು ಒಂದು ದಿನದ ಕೆಲಸ. ಬೋರ್ಡಿನ ಹಿಂದೆ ನಾವು ಆರಿಸಿದ ಒಬ್ಬ ಮನುಷ್ಯ ಇರಬೇಕು ಅಂತ ಕೇಳೋದು ತಪ್ಪಾ? ನೀವೇ ಹೇಳಿ.