ಹಬ್ಬದ ತದ್ಭವಗಳು

‘ಹಬ್ಬ’ವೆಂಬ ಮಾತು ಅಚ್ಚಗನ್ನಡವೆಂದು ಅನೇಕರು ತಿಳಿದಿರುವರು. ಅದು ಸಂಸ್ಕೃತದ ‘ಪರ್ವ’. ಹಳಗನ್ನಡದಲ್ಲಿ ‘ಪಬ್ಬ’ವಾಗಿ, ಪಕಾರವು ಹಕಾರವಾಗಲು ‘ಹಬ್ಬ’ವಾಯಿತು. ಕೇಶಿರಾಜನು ಇಂಥ ಶಬ್ದಗಳಿಗಾಗಿಯೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನು ಇರಿಸಿರುವನು. ಮಾತಿಗೆ ಒದಗುವ ಈ ಗತಿಯು ಆಚಾರಕ್ಕೂ ಒದಗುವುದುಂಟು. ಈ ತಿಂಗಳು ವಾಚಕರ ಮುಂದೆ ಪರದೇಶದ ಆಚಾರವೊಂದರ ವಂಶಾವಳಿಯನ್ನು ಇಡುವೆವು.

ಡಿಸೆಂಬರು ಬಂದಿತೆಂದರೆ ನಮ್ಮ ಸೋಂಪುರದ ನೆರೆಯ ದಾಬಸ್‌ಪೇಟೆಯ ಅಂಗಡಿಗಳಲ್ಲಿಯೂ ಕೆಂಪು ಟೊಪ್ಪಿಗೆಯ, ಹತ್ತಿಯ ಗಡ್ಡದ ಮುದುಕನ ಗೊಂಬೆ ತೂಗುವುದು. ಮಕ್ಕಳು ಅವನನ್ನು ಸಾಂಟಾ ಕ್ಲಾಸ್ ಎನ್ನುವರು. ಹಾಲೆಂಡಿನ ಡಚ್ಚರು ಸಂತ ನಿಕೊಲಾಸನನ್ನು ‘ಸಿಂಟರ್‌ಕ್ಲಾಸ್’ ಎಂದು ಕರೆಯುವರು. ಆ ಹೆಸರೇ ಇದಾಯಿತು. ಇಂದಿನ ನ್ಯೂಯಾರ್ಕ್ ನಗರವು 1664ರಲ್ಲಿ ಇಂಗ್ಲಿಷರ ವಶವಾಗುವವರೆಗೆ ನ್ಯೂ ಆಮ್ಸ್ಟರ್‌ಡಾಂ ಎಂಬ ಡಚ್ಚರ ಊರಾಗಿದ್ದಿತು. ಅಲ್ಲಿಯ ಡಚ್ ಮನೆತನಗಳಿಂದ ಇಂಗ್ಲಿಷು ಈ ಹೆಸರನ್ನು ಎತ್ತಿಕೊಂಡಿತು. ಗೊಂಬೆಯ ಕೆಳಗೆ ಮಾರುವ ‘ಕುಕ್ಕಿ’ ಬಿಸ್ಕತ್ತಿನ ಹೆಸರೂ ಡಚ್ಚಿನ ‘ಕೂಕ್ಯೆ’ಯೇ.

ಮೂಲದೇಶದಲ್ಲಿ ಸಿಂಟರ್‌ಕ್ಲಾಸನ ಹಬ್ಬವು ಡಿಸೆಂಬರ್ 5ರ ಸಂಜೆ ನಡೆಯುವುದು. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ಒಲೆಗೂಡಿನ ಬಳಿ ತಮ್ಮ ಪಾದರಕ್ಷೆಯನ್ನಿಟ್ಟು, ಸಂತನ ಬಿಳಿಯ ಕುದುರೆಗೆಂದು ಅದರಲ್ಲಿ ಕ್ಯಾರೆಟ್ಟನ್ನು ಇರಿಸುವರು. ಬೆಳಗಾಗುವಷ್ಟರಲ್ಲಿ ಅಲ್ಲಿ ತಿಂಡಿ ಇರುವುದು. ಮಗುವಿನ ಹೆಸರಿನ ಮೊದಲಕ್ಷರವನ್ನು ಚಾಕೊಲೇಟಿನಲ್ಲಿ ಎರಕ ಹೊಯ್ದು ಕೊಡುವುದು ಅಲ್ಲಿಯ ವಾಡಿಕೆ. ಆಗ ಮಾಡುವ ‘ಸ್ಪೆಕ್ಯುಲಾಸ್’ ಎಂಬ ಬಿಸ್ಕತ್ತಿನ ಹಿಟ್ಟಿಗೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿಗಳನ್ನು ಬೆರೆಸಿ, ಚಿತ್ರ ಕೆತ್ತಿದ ಮರದ ಅಚ್ಚಿಗೆ ಒತ್ತಿ ತೆಗೆಯುವರು. ಇದನ್ನು ಓದಿದ ನಮ್ಮ ಗೃಹಿಣಿಯರಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗದೆ ಇರದು.

ನಮ್ಮೂರಿನ ಗೃಹಸ್ಥರೊಬ್ಬರ ಮಗಳು ಈಗ ಹಾಲೆಂಡಿನಲ್ಲಿ ಸಂಸಾರ ಹೂಡಿರುವಳು. ಮೊಮ್ಮಗನು ಬೂಟಿನಲ್ಲಿ ಕ್ಯಾರೆಟ್ಟನ್ನಿಟ್ಟು ಮಲಗಿದ ಸಮಾಚಾರವನ್ನು ಕೇಳಿ ಅವರಿಗೆ ನಗುವೂ ಬಂದಿತು, ನಿದ್ರೆಯೂ ಕೆಟ್ಟಿತು. “ಮೇಷ್ಟ್ರೇ, ಇನ್ನೆರಡು ತಲೆ ಕಳೆದ ಮೇಲೆ ಇವನ ಮಕ್ಕಳು ನಮ್ಮವರೆಂದು ಯಾವ ಗುರುತಿನಿಂದ ತಿಳಿಯೋಣ?” ಎಂದು ನಮ್ಮನ್ನು ಕೇಳಿದರು. ಕಡಲಾಚೆ ನೆಲಸಿದ ಡಚ್ಚರ ಸಂತತಿಯನ್ನು ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ದೊರೆಯುವುದು.

ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು 1602ರಲ್ಲಿ ಸ್ಥಾಪಿತವಾಯಿತು. ಅದು 1656ರಲ್ಲಿ ಕೊಲಂಬೊವನ್ನೂ 1663ರಲ್ಲಿ ಕೊಚ್ಚಿಯನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿತು. ಕೆಳದಿಯ ಅರಸರ ಸೀಮೆಯ ಬಸರೂರಿನಲ್ಲಿಯೂ ಅವರ ಕೋಠಿ ಕೆಲವು ಕಾಲವಿದ್ದಿತು. ಮೆಣಸು ದಾಲ್ಚಿನ್ನಿಗಳ ಆಸೆಗೆ ಬಂದವರು. ಅವರ ಹಬ್ಬದ ಬಿಸ್ಕತ್ತಿನ ಪರಿಮಳವೇ ಅದಕ್ಕೆ ಸಾಕ್ಷಿ. 1795ರಲ್ಲಿ ಕೊಚ್ಚಿಯೂ 1796ರಲ್ಲಿ ಕೊಲಂಬೊವೂ ಇಂಗ್ಲಿಷರ ಕೈಸೇರಿದವು. ಸಿಂಹಳದಲ್ಲಿ ಉಳಿದ ಡಚ್ ವಂಶಸ್ಥರಿಗೆ ಬರ್ಗರರೆಂದು ಹೆಸರು.

ಈ ಬರ್ಗರರ ಮನೆಗಳಲ್ಲಿ ಡಚ್ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಳಿದು ಇಂಗ್ಲಿಷು ನೆಲಸಿತು. ಆದರೆ ಕ್ರಿಸ್ಮಸ್ಸಿನ ಬೆಳಗ್ಗೆ ‘ಬ್ರೂಡರ್’ ಇಲ್ಲದೆ ಆ ಮನೆಗಳಲ್ಲಿ ಹಬ್ಬವಿಲ್ಲ. ಮೊಟ್ಟೆ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿಗಳನ್ನು ಸೇರಿಸಿ ಹುದುಗಿಸಿದ ಹಿಟ್ಟನ್ನು ಅಂಚು ಮಡಿಕೆಮಡಿಕೆಯಾದ ಲೋಹದ ಅಚ್ಚಿನಲ್ಲಿ ಬೇಯಿಸಿ, ಹೋಳು ಮಾಡಿ, ಬೆಣ್ಣೆ ಚೀಸುಗಳೊಡನೆ ತಿನ್ನುವರು. (ಮೊಟ್ಟೆ ಬೀಳುವುದರಿಂದ ನಮ್ಮ ಅಡಿಗೆಮನೆಗೆ ಅದು ಸಲ್ಲದು, ಬಲ್ಲವರ ಮಾತನ್ನೇ ಬರೆದಿರುವೆವು.) 1908ರಲ್ಲಿ ಕೊಲಂಬೊವಿನಲ್ಲಿ ಅವರು ಕಟ್ಟಿಕೊಂಡ ಸಂಘವು ಮಕ್ಕಳಿಗಾಗಿ ಸಂತ ನಿಕೊಲಾಸನ ಉತ್ಸವವನ್ನು ನಡೆಸಿಕೊಂಡು ಬಂದಿತು. 1956ರಲ್ಲಿ ಸಿಂಹಳ ಭಾಷೆಯೊಂದೇ ರಾಜಭಾಷೆಯಾಗಲು ಅನೇಕ ಕುಟುಂಬಗಳು ಆಸ್ಟ್ರೇಲಿಯಕ್ಕೆ ಹೊರಟುಹೋದವು. ಬ್ರೂಡರೂ ಅವರ ಹಿಂದೆಯೇ ಹೋಯಿತು.

ಇದಿಷ್ಟೂ ತತ್ಸಮ. ತದ್ಭವವು ಇದಕ್ಕಿಂತ ಸ್ವಾರಸ್ಯವಾದುದು. ಡಚ್ಚರ ಕೂಕ್ಯೆಯು ಸಿಂಹಳರ ಬಾಯಲ್ಲಿ ‘ಕೊಕಿಸ್’ ಆಯಿತು. ಏಪ್ರಿಲಿನಲ್ಲಿ ಬರುವ ಅವರ ಹೊಸವರುಷಕ್ಕೆ ಅದೇ ಮುಖ್ಯ ಭಕ್ಷ್ಯ. ನಮ್ಮ ಮಂಗಳೂರಿನ ಕ್ರೈಸ್ತರು ಕ್ರಿಸ್ಮಸ್ಸಿಗೆ ನೆರೆಹೊರೆಗೆ ಹಂಚುವ ‘ಕುಸ್ವಾರ್’ ತಟ್ಟೆಯಲ್ಲಿ ‘ಕೊಕ್ಕಿಸಾಂ’ ಎಂಬ ಹೂವಿನಾಕಾರದ ತಿಂಡಿ ಇರುವುದು. ಅದೂ ಈ ಬಳ್ಳಿಯದೇ ಎಂದು ನಮ್ಮ ಎಣಿಕೆ. ಗೋದಿಯ ಹಿಟ್ಟು ಹೋಗಿ ಅಕ್ಕಿಯ ಹಿಟ್ಟು ಬಂದಿತು, ಹಸುವಿನ ಹಾಲು ಹೋಗಿ ತೆಂಗಿನ ಹಾಲು ಬಂದಿತು. ಹೆಸರು ಡಚ್ಚರದು, ಶರೀರ ನಮ್ಮ ಕರಾವಳಿಯದು. ಉದ್ದ ಹಿಡಿಯ ಹೂವಿನ ಅಚ್ಚನ್ನು ಮೊದಲು ಎಣ್ಣೆಯಲ್ಲಿಯೇ ಚೆನ್ನಾಗಿ ಕಾಯಿಸಬೇಕು. ತಣ್ಣಗಿದ್ದರೆ ಹಿಟ್ಟು ಹಿಡಿಯದು. ಹಿಟ್ಟಿನಲ್ಲಿ ಮುಕ್ಕಾಲು ಪಾಲು ಮಾತ್ರ ಅದ್ದಬೇಕು. ಮುಳುಗಿಸಿದರೆ ಹೂವು ಅಚ್ಚನ್ನು ಕಚ್ಚಿಕೊಂಡು ಬಿಡದು. ಈ ಹದವನ್ನು ಪುಸ್ತಕದಿಂದ ಕಲಿತವರು ವಿರಳ. ತಾಯಿಯ ಪಕ್ಕದಲ್ಲಿ ನಿಂತು ಕಲಿತವರೇ ಹೆಚ್ಚು. ಡಚ್ಚರು ಬಿಟ್ಟುಹೋದ ಮಾತುಗಳಲ್ಲಿ ‘ಕಕ್ಕಸು’ ಸಹ ಒಂದೆಂದು ಭಾಷಾಜ್ಞರು ಹೇಳುವರು. ತಿಂಡಿಯ ಪ್ರಸ್ತಾಪದಲ್ಲಿ ಅದನ್ನು ವಿಸ್ತರಿಸುವುದು ಬೇಡ.

ನಾಲಗೆಗೆ ಎರಡು ಕೆಲಸಗಳು, ರುಚಿ ಮತ್ತು ನುಡಿ. ಪರದೇಶದಲ್ಲಿ ರುಚಿಯು ಇನ್ನೂರು ವರುಷ ಬಾಳುವುದು, ನುಡಿಯು ಮೊಮ್ಮಕ್ಕಳ ಕಾಲಕ್ಕೆ ನಂದುವುದು. ಬರ್ಗರರ ಕಥೆಯಿಂದ ನಮಗೆ ತೋರಿದ್ದು ಇದು. ಆದುದರಿಂದ ಬೂಟು ಕ್ಯಾರೆಟ್ಟುಗಳಿಗೆ ಅಂಜಬೇಕಾಗಿಲ್ಲವೆಂದು ಆ ಗೃಹಸ್ಥರಿಗೆ ಹೇಳಿದೆವು. ಹುಡುಗನು ಕುದುರೆಗೆ ಮೇವಿಟ್ಟನು, ಅದರಲ್ಲಿ ದೋಷವೇನು? ಸಂಕ್ರಾಂತಿಯಲ್ಲಿ ನಾವೂ ದನಗಳಿಗೆ ಮೈತೊಳೆದು ಸಿಂಗರಿಸುವವರೇ. ಎಳ್ಳುಬೆಲ್ಲವು ಅವನ ಮನೆಯಲ್ಲಿ ತಾನಾಗಿಯೇ ಉಳಿಯುವುದು. ಅಜ್ಜನ ಕಾಗದವನ್ನು ಅವನು ಓದಬಲ್ಲನೇ ಎಂಬುದೇ ಚಿಂತೆಯ ವಿಷಯ.

ಅದಕ್ಕೆ ನಮಗೆ ತೋಚಿದ ಉಪಾಯವು ಡಚ್ಚರಿಂದಲೇ ಪಡೆದುದು. ಅವರು ಚಾಕೊಲೇಟಿನಲ್ಲಿ ಅಕ್ಷರ ಕೊಡುವರಷ್ಟೆ. ನಾವು ಸಕ್ಕರೆಯಲ್ಲಿ ಕೊಡೋಣ. ಮಗುವಿನ ಹೆಸರಿನ ಮೊದಲಕ್ಷರವನ್ನು ಕನ್ನಡದಲ್ಲಿ ಕೆತ್ತಿಸಿ ಮರದ ಅಚ್ಚನ್ನು ಮಾಡಿಸಿರಿ. ಸಕ್ಕರೆಯ ಅಕ್ಷರವು ಅಂಚೆಯಲ್ಲಿ ಒಡೆಯುವುದು. ಆದುದರಿಂದ ಅಚ್ಚನ್ನೇ ಕಳುಹಿಸಿರಿ. ಪಾಕ ಹೊಯ್ಯುವ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಯಿಸಬೇಕೆಂಬುದನ್ನು ಮಗಳಿಗೆ ಕನ್ನಡದಲ್ಲಿಯೇ ಬರೆಯಿರಿ. ಮರುವರುಷ ಎರಡನೆಯ ಅಕ್ಷರ. ಬಡಗಿಗೆ ಮಾತ್ರ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಡತಕ್ಕದ್ದು. ಇಲ್ಲವಾದರೆ ಸಕ್ಕರೆಯಲ್ಲಿ ಅದು ಬೆನ್ನು ತೋರಿಸಿ ನಿಲ್ಲುವುದು.